ಮಾತು ಬಾರದ ಒಂದು ಮಗುವಿಗಾಗಿ

ಆ ವರ್ಷಗಳಲ್ಲಿ ನಾನು ಪೂರ್ತಿ ಎಚ್ಚರವಾಗಿದ್ದ ದಿನ ಒಂದಾದರೂ ಇತ್ತೇ ಎಂದು ಕೇಳಿದರೆ ಹೇಳಲಾರೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬನ್ನಿಮಂಟಪದ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಬಾಡಿಗೆ ಮನೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರೂವರೆ. ಯಜಮಾನರಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಒಂದು ವಾರ ಬೆಳಗಿನ ಜಾವ ಎದ್ದು ಹೋಗುವರು, ಇನ್ನೊಂದು ವಾರ ಬೆಳಗಿನ ಜಾವ ಮನೆಗೆ ಬರುವರು. ಅವರು ಮಲಗಿದಾಗ ಮಕ್ಕಳನ್ನು ಸುಮ್ಮನಿರಿಸಬೇಕು, ಮಕ್ಕಳು ಮಲಗಿದಾಗ ಅವರಿಗೆ ಅಡುಗೆ ಮಾಡಬೇಕು. ಇವರೆಲ್ಲರ ನಿದ್ದೆಯಲ್ಲಿ ಉಳಿದ ಚೂರುಪಾರು ನನ್ನ ಪಾಲಿಗೆ. ಹಾಗಾಗಿ ಆ ಕಾಲವೆಲ್ಲ ಸೊಳ್ಳೆಪರದೆಯ ಒಳಗಿನಿಂದ ನೋಡಿದಂತೆ ನನ್ನ ನೆನಪಿನಲ್ಲಿದೆ. ಯಾವುದು ಯಾವ ತಿಂಗಳು, ಯಾವುದು ಮೊದಲು ಯಾವುದು ಆಮೇಲೆ ಎಂದು ಈಗಲೂ ಮಗಳನ್ನು ಕೇಳಿಯೇ ಖಚಿತಪಡಿಸಿಕೊಳ್ಳುತ್ತೇನೆ.

ಮಗನನ್ನು ಸುಮ್ಮನಿರಿಸುವ ಕಷ್ಟ ಮಾತ್ರ ನನಗೆ ಇರಲಿಲ್ಲ. ಅವನಿಗೆ ಮಾತು ಬಂದಿರಲಿಲ್ಲ.

ಕಿವಿ ಕೇಳುತ್ತಿತ್ತು. ಪರೀಕ್ಷೆ ಮಾಡಿಸಿದ್ದೆವು. ‘ಕಿವಿಯಲ್ಲಿ ದೋಷವಿಲ್ಲ, ಬುದ್ಧಿಯೂ ಚುರುಕಾಗಿದೆ, ಕೆಲವು ಮಕ್ಕಳು ತಡವಾಗಿ ಮಾತಾಡುತ್ತಾರೆ, ಕಾಯಿರಿ’ ಎಂದು ಡಾಕ್ಟರು ಕಳಿಸಿಬಿಟ್ಟರು. ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಚಮಚ ತಾ ಎಂದರೆ ತರುವನು, ಅಕ್ಕನ ಇನ್ನೊಂದು ಕಾಲ್ಚೀಲ ಎಲ್ಲಿ ಎಂದರೆ ಮಂಚದ ಕೆಳಗೆ ತೂರಿ ಹುಡುಕಿ ಕೊಡುವನು. ನೀರು ಬೇಕಾದರೆ ಹೂಜಿಯ ಹತ್ತಿರ ಹೋಗಿ ನಿಲ್ಲುವನು. ಅಳು ಬಂದರೂ ಸದ್ದಿಲ್ಲದೆ ಅಳುವನು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಇದರಲ್ಲಿ ನನ್ನ ಜಂಬಕ್ಕೆ ಬಿದ್ದ ಪೆಟ್ಟೂ ಇತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ. ಮದುವೆಗೆ ಮುಂಚೆ ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಹಕಾರವನ್ನು ನುಂಗಿದ ಮಕ್ಕಳನ್ನು ನಿಲ್ಲಿಸಿ ಹತ್ತು ಸಲ ‘ಹಣ್ಣು, ಹೂವು, ಹಾವು’ ಹೇಳಿಸಿದವಳು. ಆಮೇಲೂ ಭಾನುವಾರಗಳಂದು ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಜಪಗಳನ್ನು ಬಾಯಿಪಾಠ ಮಾಡಿಸುವ ಕೆಲಸ ನನ್ನದೇ. ಊರ ಮಕ್ಕಳ ಬಾಯಿ ತಿದ್ದಿದವಳ ಮನೆಯಲ್ಲಿ ಮಗನಿಗೆ ಬಾಯೇ ಇಲ್ಲ ಎಂದು ಯಾರೂ ನನ್ನೆದುರು ಅನ್ನಲಿಲ್ಲ. ನಾನೇ ದಿನಕ್ಕೆ ನಾಲ್ಕು ಸಲ ಅಂದುಕೊಳ್ಳುತ್ತಿದ್ದೆ. ಚರ್ಚಿನಲ್ಲಿ ಬೇರೆ ಮಕ್ಕಳು ಪೂಜೆಯ ನಡುವೆ ಬೆಂಚಿನ ಕೆಳಗೆ ತೆವಳಿ, ಕಿರುಚಿ, ತಾಯಂದಿರ ಮಾನ ಕಳೆಯುತ್ತಿದ್ದಾಗ ನನ್ನ ಮಗ ಗಂಜಿ ಹಾಕಿದ ಅಂಗಿಯಲ್ಲಿ ನೆಟ್ಟಗೆ ಕೂತಿರುತ್ತಿದ್ದ. ‘ಎಷ್ಟು ಒಳ್ಳೆ ಮಗು ಕಣ್ರೀ, ಚೂರೂ ಗಲಾಟೆ ಇಲ್ಲ’ ಎಂದು ಹಿಂದಿನ ಬೆಂಚಿನವರು ಹೊಗಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಿಮ್ಮ ಮಗುವಿನ ಗಲಾಟೆಯಲ್ಲಿ ಅರ್ಧ ಕೊಡಿ ಎಂದು ಕೇಳಿಬಿಡೋಣ ಅನ್ನಿಸುತ್ತಿತ್ತು.

ಮಧ್ಯಾಹ್ನಗಳು ಮಾತ್ರ ನಮ್ಮಿಬ್ಬರವು. ಮಗಳು ಶಾಲೆಯಲ್ಲಿ, ಯಜಮಾನರು ಕೆಲಸದಲ್ಲಿ, ಇಲ್ಲವೇ ಒಳಕೋಣೆಯಲ್ಲಿ ನಿದ್ದೆಯಲ್ಲಿ. ನಡುಮನೆಯಲ್ಲಿ ಚಾಪೆ ಹಾಸಿ ನಾವಿಬ್ಬರೂ ಮಲಗುತ್ತಿದ್ದೆವು. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಬಿದ್ದು, ನಿಧಾನವಾಗಿ ಗೋಡೆ ಹತ್ತುತ್ತಿತ್ತು. ಅವನು ನನ್ನ ಕೈಬಳೆಯನ್ನು ಸುತ್ತಿಸುತ್ತಾ ಅದನ್ನೇ ನೋಡುತ್ತಿದ್ದ. ದಸರೆ ಹತ್ತಿರ ಬಂದಾಗ ಪಂಜಿನ ಮೈದಾನದ ಕಡೆಯಿಂದ ಕುದುರೆಗಳನ್ನು ತಾಲೀಮಿಗೆ ಕರೆದೊಯ್ಯುವ ಸದ್ದು ಬರುತ್ತಿತ್ತು. ಟಾರು ರಸ್ತೆಯ ಮೇಲೆ ಒಂದೇ ಲಯದಲ್ಲಿ ಗೊರಸು. ಅದು ಸಾಗಿಹೋಗುವವರೆಗೆ ಅವನು ಉಸಿರು ಹಿಡಿದು ಕೇಳುವನು. ಆಮೇಲೆ ನನ್ನ ಮುಖ ನೋಡುವನು. ಆ ನೋಟದಲ್ಲಿ ಪೂರ್ತಿ ಒಂದು ವಾಕ್ಯ ಇರುತ್ತಿತ್ತು, ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸೇರಿ. ನಾನು ನಿದ್ದೆಗಣ್ಣಿನಲ್ಲಿ, ‘ಹೇಳು ಕಂದ, ಕುದುರೆ ಅನ್ನು, ಒಂದು ಸಲ’ ಅನ್ನುತ್ತಿದ್ದೆ. ಅವನು ನಕ್ಕು ನನ್ನ ಹೊಟ್ಟೆಯ ಮೇಲೆ ತಲೆಯಿಡುತ್ತಿದ್ದ. ಇವನ ಒಳಗೆ ಏನಿದೆಯೋ, ಏನೇನು ತುಂಬಿಟ್ಟುಕೊಂಡಿದ್ದಾನೋ ಎಂದು ಯೋಚಿಸುತ್ತಲೇ ನನಗೆ ನಿದ್ದೆ ಬಂದುಬಿಡುತ್ತಿತ್ತು. ಮಾತು ಬರಲಿ ಎನ್ನುವುದಕ್ಕಿಂತ ಅವನೊಳಗೆ ಏನಿದೆ ಎಂದು ತಿಳಿಯುವ ಆಸೆಯೇ ನನ್ನನ್ನು ಹೆಚ್ಚು ಕಾಡುತ್ತಿತ್ತು.

ಮನೆಯ ಮಾಲೀಕರು ಒಬ್ಬ ಅಜ್ಜಿ. ಮುಂದಿನ ಭಾಗದಲ್ಲಿ ಅವರಿದ್ದರು, ಹಿಂದಿನ ಭಾಗದಲ್ಲಿ ನಾವು. ನಡುವೆ ಒಂದು ಅಂಗಳ, ಒಂದು ನಲ್ಲಿ, ಒಂದು ನಂದಿಬಟ್ಟಲು ಗಿಡ. ಮಠಕ್ಕೆ ನಡೆದುಕೊಳ್ಳುವ ಶೈವರ ಮನೆತನ. ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ಮನೆ ಕೊಡುವಾಗಲೇ, ‘ನೀವು ಕ್ರಿಸ್ತರೋರು, ಭಾನುವಾರ ಮಾಂಸ ಮಾಡ್ತೀರಿ, ಗೊತ್ತು. ಮಾಡ್ಕೊಳಿ. ನಾನು ನನ್ ಕಿಟಕಿ ಮುಚ್ಕೋತೀನಿ’ ಅಂದಿದ್ದರು. ಆ ಮಾತಿಗೆ ಸರಿಯಾಗಿ ಪ್ರತಿ ಭಾನುವಾರ ನಾವು ಚರ್ಚಿನಿಂದ ಬಂದ ಸದ್ದು ಕೇಳುತ್ತಲೇ ಅವರ ಹಿಂದಿನ ಕಿಟಕಿ ದಢಾರನೆ ಮುಚ್ಚಿಕೊಳ್ಳುತ್ತಿತ್ತು. ಮಧ್ಯಾಹ್ನ ಎರಡಕ್ಕೆ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಕೋಪವಿರಲಿಲ್ಲ, ಅದೊಂದು ಏರ್ಪಾಡು.

ಬೆಳಿಗ್ಗೆ ಅವರು ಪೂಜೆಗೆ ಕೂತಾಗ ನನ್ನ ಮಗ ಅಂಗಳ ದಾಟಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಅವರು ಕರಡಿಗೆಯಿಂದ ಲಿಂಗ ತೆಗೆದು ಎಡಗೈಯ ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತುಬಿಡುವರು. ಇವನು ಅವರ ಅಂಗೈಯನ್ನು ನೋಡುತ್ತಾ ಕೂರುವನು. ಅರ್ಧ ಗಂಟೆ ಇಬ್ಬರಲ್ಲಿ ಯಾರೂ ತುಟಿ ಬಿಚ್ಚರು. ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದ ನನಗೆ, ಇವನು ಸುಮ್ಮನಿರುವುದು ತಪ್ಪಲ್ಲ ಅನ್ನಿಸುವ ಜಾಗ ಪ್ರಪಂಚದಲ್ಲಿ ಅದೊಂದೇ ಎಂದು ಹೊಟ್ಟೆ ತಣ್ಣಗಾಗುತ್ತಿತ್ತು. ಪೂಜೆ ಮುಗಿದ ಮೇಲೆ ಅಜ್ಜಿ ಬಜೆಯ ಬೇರನ್ನು ಜೇನುತುಪ್ಪದಲ್ಲಿ ತೇಯ್ದು ಅವನ ನಾಲಿಗೆಗೆ ಹಚ್ಚುವರು. ಮಾತು ಬರಲೆಂದು ಹಚ್ಚುವ ಬೇರು. ನನ್ನನ್ನು ಕೇಳಿ ಹಚ್ಚಿದ್ದಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆನೋ ಏನೋ. ಅವನು ಜೇನಿನ ಆಸೆಗೆ ನಾಲಿಗೆ ಚಾಚಿಕೊಂಡೇ ಹೋಗುತ್ತಿದ್ದ. ಆಮೇಲೆ ಮೆಟ್ಟಿಲ ಮೇಲೆ ಅವನನ್ನು ಕೂರಿಸಿಕೊಂಡು ಅಜ್ಜಿ ಅವರೆಕಾಯಿ ಸುಲಿಯುತ್ತಲೋ, ಹೂ ಕಟ್ಟುತ್ತಲೋ ಒಂದೇ ಸಮನೆ ಮಾತಾಡುವರು. ಹಾಲಿನವನಿಂದ ಹಿಡಿದು ತೀರಿಹೋದ ತಮ್ಮ ಯಜಮಾನರವರೆಗೆ ಎಲ್ಲರನ್ನೂ ಬೈಯುವರು. ಎದುರು ಮಾತಾಡದ ಕೇಳುಗ ಅವರಿಗೆ ಈ ವಯಸ್ಸಿನಲ್ಲಿ ಸಿಕ್ಕಿದ್ದ.

ಸಂಜೆ ಏಳೂವರೆಗೆ ನಮ್ಮ ಮನೆಯ ಜಪಸರ. ಗೋಡೆಯಲ್ಲಿ ಯೇಸುವಿನ ತಿರುಹೃದಯದ ಪಟ, ಅದರ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ಕೆಂಪು ಬಲ್ಬು. ಕರೆಂಟು ಹೋದರೆ, ಹೋಗುತ್ತಲೇ ಇತ್ತು, ಮೇಣದಬತ್ತಿ. ಚಾಪೆಯ ಮೇಲೆ ಮೊಣಕಾಲೂರಿ ನಾನು ಜಪದ ಮೊದಲರ್ಧ ಹೇಳುವುದು, ಮಗಳು ಉಳಿದರ್ಧ ಹೇಳುವುದು. ಯಜಮಾನರ ಪಾಳಿ ಅನುಕೂಲವಾಗಿದ್ದ ವಾರ ಅವರದೂ ದನಿ ಸೇರುತ್ತಿತ್ತು. ಹತ್ತು ಮಣಿಯ ಐದು ಸುತ್ತು. ಮಗನಿಗೆ ಹೇಳಲು ಏನೂ ಇಲ್ಲದ್ದರಿಂದ ನನ್ನ ಜಪಸರದ ತುದಿಯಲ್ಲಿ ನೇತಾಡುವ ಶಿಲುಬೆಯನ್ನು ಅವನ ಕೈಗೆ ಕೊಟ್ಟಿದ್ದೆ. ಅದನ್ನು ಹಿಡಿದುಕೊಂಡು ಮಣಿಗಳು ಒಂದೊಂದಾಗಿ ನನ್ನ ಬೆರಳ ಸಂದಿನಿಂದ ಇಳಿದು ಬರುವುದನ್ನು ನೋಡುವುದು ಅವನ ಪ್ರಾರ್ಥನೆ.

ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ನನಗೆ ನಿದ್ದೆ. ದೇವರ ಆಣೆಯಾಗಿಯೂ ತಡೆಯಲಾಗುತ್ತಿರಲಿಲ್ಲ. ನಿದ್ದೆಯಲ್ಲಿ ಬೆರಳು ನಿಂತುಬಿಡುತ್ತದೆ, ನಾಲಿಗೆ ಮಾತ್ರ ಹೋಗುತ್ತಲೇ ಇರುತ್ತದೆ. ಹತ್ತಕ್ಕೆ ನಿಲ್ಲಬೇಕಾದ ‘ನಮೋ ಮರಿಯಾ’ ಹನ್ನೆರಡು, ಹದಿಮೂರಕ್ಕೆ ಹೋಗುತ್ತಿತ್ತು. ಒಂದು ಸಂಜೆಯಂತೂ ‘ನಮೋ ಮರಿಯಾ, ಬೆಳಿಗ್ಗೆಗೆ ಉದ್ದಿನಬೇಳೆ ನೆನೆಸಬೇಕು’ ಎಂದು ಹೇಳಿದೆನಂತೆ. ಮಗಳು ಅದಕ್ಕೂ ಉಳಿದರ್ಧ ಸೇರಿಸಿ ಜಪ ಮುಂದುವರಿಸಿದ್ದಳು. ಎಚ್ಚರವಾಗಿ ನೋಡಿದರೆ ಅವಳು ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದಾಳೆ.

ಆದರೆ ಜಪಸರ ಮುಗಿದ ಮೇಲಿನ ಕೋರಿಕೆಯ ಹೊತ್ತಿಗೆ ನನಗೆ ಪೂರ್ತಿ ಎಚ್ಚರ. ಒಬ್ಬೊಬ್ಬರೂ ತಮಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು, ಉಳಿದವರು ‘ಪ್ರಭುವೇ, ನಮ್ಮ ಮೊರೆ ಕೇಳು’ ಅನ್ನುವುದು. ಮಗಳು ಪರೀಕ್ಷೆಗೋ, ಶಾಲೆಯ ಗೆಳತಿಯ ಜ್ವರಕ್ಕೋ ಬೇಡುತ್ತಿದ್ದಳು. ನಾನು ಪ್ರತಿ ಸಂಜೆಯೂ ಒಂದೇ ಮಾತು ಹೇಳುತ್ತಿದ್ದೆ. ‘ಮಾತು ಬಾರದ ಒಂದು ಮಗುವಿಗಾಗಿ ಬೇಡಿಕೊಳ್ಳುತ್ತೇನೆ. ಆ ಮಗುವಿನ ಬಾಯಿ ತೆರೆಯಲಿ.’

ನಮ್ಮ ಜನರಲ್ಲಿ ಇದೊಂದು ಪದ್ಧತಿ. ಹೆಸರು ಹೇಳುವುದಿಲ್ಲ. ಮಗಳಿಗೆ ಗಂಡು ಸಿಗದವರು ‘ಒಂದು ವಿಶೇಷ ಕೋರಿಕೆಗಾಗಿ’ ಅನ್ನುತ್ತಾರೆ, ಗಂಡನ ಕುಡಿತದಿಂದ ನೊಂದವರು ‘ಕಷ್ಟದಲ್ಲಿರುವ ಒಂದು ಕುಟುಂಬಕ್ಕಾಗಿ’ ಅನ್ನುತ್ತಾರೆ. ಯಾವ ಕುಟುಂಬ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದವರ ಹಾಗೆ ತಲೆ ತಗ್ಗಿಸಿ ಮೊರೆ ಕೇಳು ಅನ್ನುವುದು ಮರ್ಯಾದೆ. ಚರ್ಚಿನ ಹೆಂಗಸರ ಪ್ರಾರ್ಥನಾಕೂಟದಲ್ಲಿ ಹಾಗೆ ಹೇಳಿ ಹೇಳಿ ಅಭ್ಯಾಸವಾಗಿ ಮನೆಯಲ್ಲೂ ನಾನು ‘ಒಂದು ಮಗು’ ಎಂದೇ ಹೇಳುತ್ತಿದ್ದೆ. ನನ್ನ ಮನೆಯ ನಾಲ್ಕು ಗೋಡೆಯ ನಡುವೆ ಯಾರಿಂದ ಏನು ಮುಚ್ಚಿಡುತ್ತಿದ್ದೆನೋ. ನನ್ನ ಮಗನ ಹೆಸರು ಹಿಡಿದು ‘ಇವನಿಗೆ ಮಾತು ಕೊಡು’ ಎಂದರೆ ಇವನಿಗೆ ಮಾತಿಲ್ಲ ಎಂಬುದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಇತ್ತೆಂದು ಕಾಣುತ್ತದೆ.

ಅಕ್ಟೋಬರ್ ಬಂತು. ಅದು ಜಪಸರದ ತಿಂಗಳು. ಮರಿಯಾ ಮಾತೆಯ ಪ್ರತಿಮೆಯನ್ನು ದಿನಕ್ಕೊಂದು ಮನೆಗೆ ಕೊಂಡೊಯ್ದು, ಆ ಸಂಜೆ ಸುತ್ತಲಿನ ಕ್ರೈಸ್ತರೆಲ್ಲ ಅಲ್ಲಿ ಸೇರಿ ಜಪ ಹೇಳುವ ರೂಢಿ. ಆ ವರ್ಷ ದಸರೆಯೂ ಅದೇ ದಿನಗಳಲ್ಲಿ ಬಂದಿತ್ತು. ಅಜ್ಜಿಯ ಮನೆಯಲ್ಲಿ ಪಟ್ಟದ ಗೊಂಬೆಗಳು ಮೆಟ್ಟಿಲೇರಿ ಕೂತಿದ್ದವು. ನಮ್ಮ ಸರದಿಯ ದಿನ ಕೆಸರೆಯ ಕಡೆಯ ಒಂದು ಮನೆಯಿಂದ ಪ್ರತಿಮೆ ಆಟೋದಲ್ಲಿ ಬಂತು. ನೀಲಿ ಮೇಲುಹೊದಿಕೆ, ಕಾಲ ಬಳಿ ಮಲ್ಲಿಗೆ ದಂಡೆ. ಅಂಗಳದಲ್ಲಿ ಅದನ್ನು ಇಳಿಸುವಾಗ ಅಜ್ಜಿ ತಮ್ಮ ಬಾಗಿಲಲ್ಲೇ ನಿಂತು ಕೈಮುಗಿದು, ‘ನಮ್ ಗೊಂಬೆ ನೋಡಕ್ಕೆ ನಿಮ್ಮಮ್ಮನೇ ಬಂದ್ಬುಟ್ಲಲ್ಲಮ್ಮ’ ಎಂದು ನಕ್ಕರು. ಒಳಗೂ ಬಂದರು. ಹಿಂದೆ ಗೋಡೆಗೊರಗಿ ಕೂತರು, ನನ್ನ ಮಗ ಅವರ ತೊಡೆಯೇರಿದ.

ಮನೆ ತುಂಬ ಜನ. ಮೇಣದ ವಾಸನೆ, ಮಲ್ಲಿಗೆ ವಾಸನೆ, ಅಡುಗೆಮನೆಯಿಂದ ಉದ್ದಿನವಡೆಯ ವಾಸನೆ. ಇಪ್ಪತ್ತು ಮೂವತ್ತು ದನಿಗಳು ಒಂದೇ ಏರಿಳಿತದಲ್ಲಿ ಹೋಗುವಾಗ ನನಗೆ ನೆಲವೇ ಮೆಲ್ಲಗೆ ತೂಗಿದಂತಾಗುತ್ತಿತ್ತು. ಕೋರಿಕೆಯ ಹೊತ್ತಿಗೆ, ಮನೆಯವಳಾದ್ದರಿಂದ ನಾನೇ ಮೊದಲು. ಯಥಾಪ್ರಕಾರ ಮಾತು ಬಾರದ ಒಂದು ಮಗುವಿಗಾಗಿ ಬೇಡಿದೆ. ಎಲ್ಲರೂ ಮೊರೆ ಕೇಳು ಅಂದರು. ಆಮೇಲೆ ಎರಡು ಬೀದಿ ಆಚೆಯ ಹೆಂಗಸೊಬ್ಬರು, ಒಳ್ಳೆಯವರೇ, ಆದರೆ ದೇವರಿಗೂ ವಿವರವಾಗಿ ಹೇಳದಿದ್ದರೆ ಸಮಾಧಾನವಿಲ್ಲದವರು, ಕಣ್ಣು ಮುಚ್ಚಿ ಶುರುಮಾಡಿದರು. ‘ನಮ್ಮ ಸಹೋದರಿ ಹೇಳಿದ ಆ ಮಗು ಮೂಗಾಗದೆ ಇರಲಿ, ಆ ತಾಯಿಯ ಕಣ್ಣೀರು ಒರೆಸು, ವಂಶದ ದೋಷವೇನಾದರೂ ಇದ್ದರೆ ಕ್ಷಮಿಸು.’

ವಂಶದ ದೋಷ! ನನ್ನ ಕಿವಿ ಕಾದುಹೋಯಿತು. ಪ್ರತಿಮೆಯ ಎದುರು ಏನೂ ಆಡುವಂತಿಲ್ಲ. ಆಮೇಲೆ ಎಲ್ಲರಿಗೂ ತಟ್ಟೆ ಕೊಡುವಾಗ ಅವರಿಗೆ ಮಾತ್ರ ಕರಿದು ಕಪ್ಪಾದ ಎರಡು ವಡೆಗಳನ್ನೇ ಆರಿಸಿ ಹಾಕಿದೆ. ಅವರು ‘ಗರಿಗರಿಯಾಗಿದೆ’ ಎಂದು ತಿಂದರು. ಅಷ್ಟು ಮಾತ್ರದ ಸೇಡು ತೀರಿಸಿಕೊಂಡದ್ದಕ್ಕೆ ಶನಿವಾರ ಗುರುಗಳ ಮುಂದೆ ಪಾಪನಿವೇದನೆಯನ್ನೂ ಮಾಡಿಕೊಂಡೆ. ಪಶ್ಚಾತ್ತಾಪ ಮಾತ್ರ ಈಗಲೂ ಅಷ್ಟಕ್ಕಷ್ಟೇ.

ಜನರೆಲ್ಲ ಹೋದ ಮೇಲೆ ತಟ್ಟೆ ತೊಳೆಯಲು ನಲ್ಲಿಯ ಬಳಿ ಕೂತೆ. ಅಜ್ಜಿ ಬಂದು ಕಲ್ಲಿನ ಮೇಲೆ ಕೂತರು. ನಾನು ಆ ಹೆಂಗಸನ್ನು ಬೈದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು ಹೇಳಿದರು:

‘ಆವಮ್ಮುನ್ ಬುಡು. ಒಂದಿನ ಅಂದ್ಲು, ಓದ್ಲು. ನೀನು ದಿನಾ ಅಂತೀಯಲ್ಲಮ್ಮ.’

‘ನಾನೇನು ಅಂದೆ?’

‘ಸಂಜೆ ಆದ್ರೆ ನಿಮ್ ದೇವ್ರು ಮುಂದೆ ಕೂತ್ಕೊಂಡು, ಮಾತ್ ಬರ್ದೇ ಇರೋ ಮಗು ಮಾತ್ ಬರ್ದೇ ಇರೋ ಮಗು ಅಂತ. ನಮ್ ಅಡುಗೆಮನೆಗೂ ಕೇಳುಸ್ತದೆ. ಮಗ ಪಕ್ಕದಲ್ಲೇ ಕೂತಿರ್ತದೆ. ಅದುಕ್ಕೆ ಬಾಯಿಲ್ದೇ ಓದ್ರೂ ಕಿವಿ ಅವೆ ಕಣಮ್ಮ. ಏನಂದ್ಕೊಂಡಾತು ಅದು, ತನ್ ಬಗ್ಗೆ ತಾನು?’

ನಲ್ಲಿ ನೀರು ತುಂಬಿ ಹರಿಯುತ್ತಿತ್ತು. ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ. ಅಜ್ಜಿಯೇ ಬಗ್ಗಿ ನಿಲ್ಲಿಸಿದರು.

ಒಂದೂವರೆ ವರ್ಷದಿಂದ ಪ್ರತಿ ಸಂಜೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಶಿಲುಬೆಯನ್ನು ಅವನ ಕೈಗೇ ಕೊಟ್ಟು, ಅವನ ಕೊರತೆಯನ್ನು ದೇವರಿಗೆ ದೂರು ಹೇಳುತ್ತಿದ್ದೆ. ಹೆಸರು ಮುಚ್ಚಿಟ್ಟರೆ ಸಾಕೆಂದುಕೊಂಡಿದ್ದೆ. ಚಮಚ ಎಂದರೆ ಚಮಚ ತರುವ ಮಗುವಿಗೆ ಇದು ತಿಳಿಯದೆ ಇರುತ್ತದೆಯೇ? ಈ ಮನೆಯಲ್ಲಿ ಸರಿಯಿಲ್ಲದ್ದು ಒಂದೇ, ಅದು ನಾನು ಎಂದು ಅವನ ಎದೆಯಲ್ಲಿ ಕೂತಿದ್ದರೆ? ಅದಕ್ಕೇ ಬಾಯಿ ಬಿಗಿದುಕೊಂಡಿದ್ದರೆ? ಅವನ ಒಳಗೆ ಏನಿದೆ ಎಂದು ಮಧ್ಯಾಹ್ನಗಳಲ್ಲಿ ಬೆರಗಾಗಿ ನೋಡುತ್ತಿದ್ದವಳಿಗೆ, ಈಗ ಅಲ್ಲಿ ನಾನೇ ಹಾಕಿದ ಮುಳ್ಳಿದ್ದರೆ ಎಂದು ಹೆದರಿಕೆಯಾಯಿತು. ಯಜಮಾನರಿಗೆ ಹೇಳಿದೆ. ಅವರು ಯಾವತ್ತೂ ದೊಡ್ಡ ಮಾತಾಡುವವರಲ್ಲ. ‘ನಾಳೆಯಿಂದ ಹೇಳಬೇಡ, ಅಷ್ಟೇ. ದೇವರಿಗೆ ಇಷ್ಟು ಹೊತ್ತಿಗೆ ಬಾಯಿಪಾಠ ಆಗಿರುತ್ತೆ’ ಅಂದರು.

ಮರುದಿನದಿಂದ ನಿಲ್ಲಿಸಿದೆ. ಕೋರಿಕೆಯ ಹೊತ್ತಿನಲ್ಲಿ ನನ್ನ ಸರದಿ ಬಂದಾಗ, ‘ಮಳೆ ಬೆಳೆಗಾಗಿ’ ಎಂದೋ ‘ಕಾಯಿಲೆಯವರಿಗಾಗಿ’ ಎಂದೋ ಏನೋ ಒಂದು ಹೇಳಿ ಮುಗಿಸುವೆ. ಮಗ ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದ. ಏನನ್ನೋ ಕಾಯುವಂತೆ ನೋಡುತ್ತಿದ್ದ. ನನಗೆ ಆ ನೋಟಕ್ಕೆ ಉತ್ತರ ಕೊಡುವ ಧೈರ್ಯ ಇರಲಿಲ್ಲ. ದೀಪ ಆರಿಸುವ ನೆವದಲ್ಲಿ ಎದ್ದುಬಿಡುತ್ತಿದ್ದೆ.

ಅದಾಗಿ ಎಷ್ಟು ದಿನವೋ. ಮಗಳು ಕ್ರಿಸ್ಮಸ್ಸಿಗೆ ಮುಂಚೆ ಅನ್ನುತ್ತಾಳೆ, ಕಿಟಕಿಗೆ ನಕ್ಷತ್ರ ಕಟ್ಟಿದ್ದೆವಂತೆ. ಹಾಗಿದ್ದರೆ ಡಿಸೆಂಬರೇ ಇರಬೇಕು. ನನಗೆ ನೆನಪಿರುವುದು ಇಷ್ಟು: ಚಳಿ ಇತ್ತು, ಮೂವರೂ ಒಂದೇ ಕಂಬಳಿ ಹೊದ್ದು ಕೂತಿದ್ದೆವು, ನಾಲ್ಕನೆಯ ಸುತ್ತು, ಮತ್ತು ನಾನು ಹೊಳೆಯೊಂದರ ಮೇಲೆ ನಡೆಯುತ್ತಿದ್ದೆ. ನೀರು ಹತ್ತಿಯಷ್ಟು ಮೆತ್ತಗಿತ್ತು. ಆಚೆ ದಡದಲ್ಲಿ ಯಾರೋ ನನ್ನ ಸೆರಗು ಹಿಡಿದು ಜಗ್ಗುತ್ತಿದ್ದರು. ಜಗ್ಗಿದ್ದು ಸೆರಗಲ್ಲ, ಜಪಸರ.

‘ಅತ್ತಾಯ್ತು ಕಣಮ್ಮ.’

ಕಣ್ಣು ಬಿಟ್ಟೆ. ಮಗಳ ಬಾಯಿ ತೆರೆದೇ ಇತ್ತು. ಮಗ ಶಿಲುಬೆ ಹಿಡಿದುಕೊಂಡು, ನನ್ನ ಬೆರಳು ನಿಂತುಹೋಗಿದ್ದ ಮಣಿಯನ್ನು ತೋರಿಸುತ್ತಾ, ಸ್ವಲ್ಪ ಬೇಸರದಿಂದ ಇನ್ನೊಮ್ಮೆ ಹೇಳಿದ. ‘ಅತ್ತಾಯ್ತು. ಸಾಕ್ ಬುಡು.’

ಹತ್ತಾಯ್ತು ಎಂದು. ಹಕಾರವಿಲ್ಲದೆ. ಇಡೀ ಶಾಲೆಗೆ ಹಕಾರ ತಿದ್ದಿದವಳ ಮಗ, ಅಜ್ಜಿಯ ಮೆಟ್ಟಿಲ ಮೇಲೆ ಕಲಿತ ಕನ್ನಡದಲ್ಲಿ, ತಾಯಿಯ ಜಪವನ್ನು ತಿದ್ದುತ್ತಿದ್ದ. ನಾನು ಅವನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ, ಕಂಬಳಿ ಕಾಲಿಗೆ ಸುತ್ತಿಕೊಂಡು ನಂದಿಬಟ್ಟಲಿನ ಮೇಲೆ ಬೀಳುವುದೊಂದು ಬಾಕಿ. ಅಜ್ಜಿ ರೊಟ್ಟಿ ತಟ್ಟುತ್ತಿದ್ದ ಹಿಟ್ಟುಗೈಯಲ್ಲೇ ಹೊರಗೆ ಬಂದರು. ‘ಏನ್ಲಾ, ಮಾತ್ ಬಂತೇನ್ಲಾ?’ ಅಂದರು. ಅವನು ಹೌದೆಂದು ತಲೆಯಾಡಿಸಿದ. ಮಾತು ಬಂದಮೇಲೂ ತಲೆಯಾಡಿಸಿದನಲ್ಲ ಎಂದು ನಾವಿಬ್ಬರೂ ನಕ್ಕೆವು, ಅತ್ತೆವು. ಬಜೆಯಿಂದ ಬಂತೋ ಜಪದಿಂದ ಬಂತೋ ಎಂಬ ಚರ್ಚೆಗೆ ಅಜ್ಜಿಯೂ ನಾನೂ ಯಾವತ್ತೂ ಹೋಗಲಿಲ್ಲ. ಅವರು ಅವರದೆಂದುಕೊಂಡರು, ನಾನು ನನ್ನದೆಂದುಕೊಂಡೆ, ನೆರೆಹೊರೆ ಚೆನ್ನಾಗಿಯೇ ಉಳಿಯಿತು.

ಆಮೇಲೆ ಕಟ್ಟೆ ಒಡೆಯಿತು. ತಿಂಗಳೊಳಗೆ ಅವನ ಬಾಯಿ ಮುಚ್ಚಿಸುವುದೇ ಕೆಲಸವಾಯಿತು. ಹಾಲಿನವನಿಗೆ ‘ನೀರ್ ಆಕ್ಬುಟ್ಟಿದೀಯ’ ಎಂದು ಮುಖಕ್ಕೇ ಹೇಳಿದ. ಪೂಜೆಯ ಮಧ್ಯೆ, ಎಲ್ಲರೂ ಮೌನವಾಗಿದ್ದಾಗ, ‘ಫಾದರ್‌ಗೆ ಕೆಮ್ಮು’ ಎಂದು ಘೋಷಿಸಿದ. ಹಿಂದಿನ ಬೆಂಚಿನವರು ಲೊಚಗುಟ್ಟಿದಾಗ ನನಗೆ ಹಬ್ಬ. ನಾನು ‘ಹಾಕಿಬಿಟ್ಟಿದ್ದೀಯ ಅನ್ನು ಕಂದ’ ಎಂದು ತಿದ್ದಲು ಬಾಯಿ ತೆರೆದು, ಹಾಗೇ ಮುಚ್ಚಿಕೊಳ್ಳುತ್ತಿದ್ದೆ. ಎಷ್ಟು ಹಕಾರ ಬೇಕಾದರೂ ನುಂಗಲಿ.

ಆದರೆ ಒಂದು ವಿಷಯ ಮಾತ್ರ ನನ್ನೊಳಗೆ ಹಾಗೇ ಇತ್ತು. ಅವನು ತನ್ನ ಬಗ್ಗೆ ತಾನು ಏನಂದುಕೊಂಡಿದ್ದ? ಈಗ ಕೇಳಿದರೆ ಹೇಳಬಲ್ಲ. ಕೇಳಲು ನನಗೆ ಆಗುತ್ತಿರಲಿಲ್ಲ. ಎರಡು ಸಲ ಸ್ನಾನ ಮಾಡಿಸುವಾಗ, ಅವನ ಕಣ್ಣಿಗೆ ಸೋಪು ಬೀಳದಂತೆ ಹಣೆಗೆ ಅಂಗೈ ಅಡ್ಡ ಇಟ್ಟುಕೊಂಡು, ‘ಮುಂಚೆ ನೀನು ಯಾಕೆ...’ ಎಂದು ಶುರು ಮಾಡಿದೆ. ಮುಂದೆ ಹೋಗಲಿಲ್ಲ. ಚರ್ಚಿನ ಹೆಂಗಸರು, ‘ಕೋರಿಕೆ ಈಡೇರಿತಲ್ಲ, ಕೂಟದಲ್ಲಿ ಕೃತಜ್ಞತೆ ಹೇಳಿಬಿಡಿ’ ಅಂದರು. ಅದನ್ನೂ ಮುಂದಕ್ಕೆ ಹಾಕಿದೆ. ಹೇಳಬೇಕೆಂದರೆ ಮತ್ತೆ ಅದೇ ಮಾತು, ಅದೇ ಮಗು, ಅವನ ಎದುರಿಗೆ. ದೇವರಿಗೆ ಮನಸ್ಸಿನಲ್ಲಿ ಹೇಳಿದ್ದೇನೆ, ಸಾಕು ಎಂದುಕೊಂಡೆ.

ತಪಸ್ಸು ಕಾಲ ಬಂತು. ಈಸ್ಟರಿಗೆ ಮುಂಚಿನ ಆ ನಲವತ್ತು ದಿನ ನಮ್ಮ ಮನೆಯಲ್ಲಿ ಮಾಂಸವಿಲ್ಲ, ಆದ್ದರಿಂದ ಭಾನುವಾರವೂ ಅಜ್ಜಿಯ ಕಿಟಕಿ ತೆರೆದೇ ಇರುತ್ತಿತ್ತು. ಬಿಸಿಲು ಇಳಿದರೂ ಸೆಕೆ ಇಳಿಯದ ಒಂದು ಸಂಜೆ. ಕರೆಂಟಿರಲಿಲ್ಲ. ಯಜಮಾನರು ಅಂದು ಮನೆಯಲ್ಲಿದ್ದರು. ಬಾಗಿಲು ತೆರೆದುಕೊಂಡು ನಾಲ್ವರೂ ಜಪಸರ ಮುಗಿಸಿದೆವು. ಕೋರಿಕೆ ಶುರುವಾಯಿತು. ಯಜಮಾನರು ಕಾರ್ಖಾನೆಯಲ್ಲಿ ಕೈಗೆ ಪೆಟ್ಟು ಮಾಡಿಕೊಂಡ ಗೆಳೆಯನಿಗಾಗಿ ಬೇಡಿದರು. ಮಗಳು ಗಣಿತಕ್ಕೆ. ನಾನು ಕಾಯಿಲೆಯವರಿಗೆ. ಮೊರೆ ಕೇಳು ಎಂದಾಯಿತು. ನಾನು ಏಳಲು ನೆಲಕ್ಕೆ ಕೈಯೂರಿದೆ.

‘ನಂದು’ ಅಂದ ಮಗ.

ಅವನಿಗೂ ಸರದಿಯಿದೆ ಎಂದು ನಮಗೆ ಯಾರಿಗೂ ಅದುವರೆಗೆ ಹೊಳೆದಿರಲಿಲ್ಲ. ‘ಹೇಳು’ ಅಂದರು ಯಜಮಾನರು. ಅವನು ನಾನು ಕೂರುವಂತೆಯೇ ಬೆನ್ನು ನೆಟ್ಟಗೆ ಮಾಡಿ, ಕೈಜೋಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ನನ್ನದೇ ರಾಗದಲ್ಲಿ ಹೇಳಿದ.

‘ಮಾತು ಬಾರದ ಒಂದು ಮಗುವಿಗಾಗಿ ಬೇಡಿಕೊಳ್ಳುತ್ತೇನೆ. ಆ ಮಗುವಿನ ಬಾಯಿ ತೆರೆಯಲಿ.’

ಯಾರೂ ಮೊರೆ ಕೇಳು ಅನ್ನಲಿಲ್ಲ. ಅವನು ಒಂದು ಕಣ್ಣು ತೆರೆದು ನಮ್ಮೆಲ್ಲರನ್ನೂ ನೋಡಿದ.

‘ಯಾವ ಮಗು ಕಂದ?’ ಅಂದೆ.

‘ಅದೇ. ನೀನು ದಿನಾ ಏಳ್ತಿದ್ದಲ್ಲ, ಆ ಪಾಪು. ಎಲ್ಲೋ ಐತಲ್ಲ. ಆಮೇಲೆ ನೀನು ಮರ್ತೇಬುಟ್ಟೆ. ನಾನು ಮರ್ತಿಲ್ಲ. ಆಗ್ಲೂ ಮನ್ಸಲ್ಲಿ ದಿನಾ ಏಳ್ತಿದ್ದೆ.’ ನನ್ನ ಕಡೆ ತಿರುಗಿ ಕೇಳಿದ, ‘ಇನ್ನೂ ಬಂದಿಲ್ವಾ ಅದುಕ್ಕೆ ಮಾತು?’

ಮಗಳು ‘ಅಯ್ಯೋ, ಅದು...’ ಎಂದು ಶುರು ಮಾಡಿದಳು. ಯಜಮಾನರು ಅವಳ ಬಾಯಿಯ ಮೇಲೆ ಮೆಲ್ಲಗೆ ಕೈಯಿಟ್ಟರು. ಅವರ ಕಣ್ಣು ತುಂಬಿದ್ದು ಮೇಣದಬತ್ತಿಯ ಬೆಳಕಿನಲ್ಲಿ ಕಾಣಿಸಿತು. ಮದುವೆಯಾದ ಮೇಲೆ ಅದೇ ಮೊದಲ ಸಲ ನೋಡಿದ್ದು.

‘ಬಂತು ಕಣೋ’ ಅಂದೆ.

‘ನಿಜ್ವಾಗ್ಲೂ?’

‘ನಿಜವಾಗಲೂ. ಈಗ ತುಂಬ ಮಾತಾಡುತ್ತೆ.’

ಅವನ ಮುಖ ಅರಳಿದ್ದನ್ನು ಹೇಗೆ ಬರೆಯಲಿ. ತನಗೆ ಮಾತು ಬಂದ ದಿನ ಅವನು ಅಷ್ಟು ಸಂತೋಷಪಟ್ಟಿರಲಿಲ್ಲ. ಆಮೇಲೆ ತಟ್ಟನೆ ನನ್ನ ಮೇಲೆ ರೇಗಿದ. ‘ಮತ್ತೆ ಏಳ್ಬೇಕು ತಾನೆ ನಮ್ಗೆ? ದೇವ್ರಿಗೆ ಥ್ಯಾಂಕ್ಸ್ ಏಳಿದ್ಯಾ?’

‘ಇಲ್ಲ’ ಅಂದೆ. ಸುಳ್ಳು ಹೇಳಲಾಗಲಿಲ್ಲ.

‘ಈಗ ಏಳು.’

ಎಲ್ಲರೂ ಮತ್ತೆ ಮೊಣಕಾಲೂರಿದೆವು. ನಾನು ಕೈಜೋಡಿಸಿದೆ. ಬಾಯಿ ತೆರೆದೆ. ಗಂಟಲಿನಿಂದ ಒಂದಕ್ಷರ ಹೊರಡಲಿಲ್ಲ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾ ಕಾದ. ಆಮೇಲೆ, ಪರವಾಗಿಲ್ಲ ಎನ್ನುವಂತೆ ನನ್ನ ಮೊಣಕೈ ತಟ್ಟಿ, ನನ್ನ ಬದಲಿಗೆ ತಾನೇ ಹೇಳಿ ಮುಗಿಸಿದ.